ಒಂಬತ್ತು ಮುಖದ ಕಟ್ಟಿಗೆ

ಬೈಕುಲ್ಲಾದ ಎರಕದ ಕಾರ್ಖಾನೆಗಳಲ್ಲಿ ಕರೀಮಸಾಬನ ಕೈಗೆ ಹೆಸರಿತ್ತು. ಸಿಂದಗಿ ಕಡೆಯ ಹಳ್ಳಿಯಿಂದ ಹದಿನಾರರ ವಯಸ್ಸಿಗೆ ಮುಂಬಯಿಗೆ ಬಂದವನು, ಮೂವತ್ತು ತುಂಬುವುದರೊಳಗೆ ಪ್ಯಾಟರ್ನ್ ಮಿಸ್ತ್ರಿ ಎನಿಸಿಕೊಂಡಿದ್ದ. ಕಬ್ಬಿಣದ ಯಾವ ಸಾಮಾನು ಎರಕ ಹೊಯ್ಯಬೇಕಿದ್ದರೂ ಮೊದಲು ಅದು ಕಟ್ಟಿಗೆಯಲ್ಲಿ ತಯಾರಾಗಬೇಕು. ಆ ಕಟ್ಟಿಗೆಯನ್ನು ಉಸುಕಿನಲ್ಲಿ ಒತ್ತಿ ಎತ್ತಿದರೆ ಅಚ್ಚು ಉಳಿಯುತ್ತದೆ, ಅದರಲ್ಲಿ ಕಾದ ಕಬ್ಬಿಣ ಸುರಿಯುತ್ತಾರೆ. ಕರೀಮಸಾಬ ಮಾಡುತ್ತಿದ್ದದ್ದು ಆ ಕಟ್ಟಿಗೆ. ಇಂಜಿನಿಯರು ಕೊಟ್ಟ ನೀಲಿ ನಕಾಶೆಯನ್ನು ಎರಡು ನಿಮಿಷ ದಿಟ್ಟಿಸಿ ಮಡಚಿಟ್ಟರೆ ಆಯಿತು; ಮತ್ತೆ ಬಿಚ್ಚುತ್ತಿರಲಿಲ್ಲ. ಸಾಮಾನು ಅವನ ತಲೆಯೊಳಗೆ ಎದ್ದು ನಿಂತಿರುತ್ತಿತ್ತು, ಸುತ್ತ ತಿರುಗಿ ನೋಡಿಕೊಂಡೇ ಉಳಿ ಹಿಡಿಯುತ್ತಿದ್ದ.

೧೯೬೬ರ ಮಳೆಗಾಲದಲ್ಲಿ ಹಳೆಯ ಸಾಗವಾನಿ ತೊಲೆಯೊಂದನ್ನು ಕೊಯ್ಯುವಾಗ ಒಳಗೆ ಹುದುಗಿದ್ದ ಮೊಳೆಗೆ ಗರಗಸ ಬಡಿಯಿತು. ಮೊಳೆಯ ಚೂರು ಸಿಡಿದು ಅವನ ಬಲಗಣ್ಣಿಗೆ ಹೊಕ್ಕಿತು. ದೊಡ್ಡಾಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದ. ಚೂರು ಹೊರಬಂತು, ಕಣ್ಣು ಉಳಿಯಲಿಲ್ಲ.

ಒಂದು ಕಣ್ಣು ಹೋದರೆ ಅರ್ಧ ಜಗತ್ತು ಹೋದೀತು ಎಂದು ಅವನು ಹೆದರಿದ್ದ. ಹಾಗೆ ಆಗಲಿಲ್ಲ. ಎಲ್ಲವೂ ಕಾಣುತ್ತಿತ್ತು. ಆದರೆ ಯಾವುದು ಎಷ್ಟು ದೂರ ಎನ್ನುವುದು ತಿಳಿಯುತ್ತಿರಲಿಲ್ಲ. ಗೋಡೆ, ಗೋಡೆಯ ಮುಂದಿನ ಬಕೆಟ್ಟು, ಬಕೆಟ್ಟಿನ ಮುಂದೆ ಕೂತ ಮಗಳು ಎಲ್ಲ ಒಂದೇ ಹಾಳೆಗೆ ಅಂಟಿಸಿದ ಹಾಗೆ ಇರುತ್ತಿತ್ತು. ಚಹಾ ಸುರಿದರೆ ಕಪ್ಪಿನ ಈಚೆ ಬೀಳುತ್ತಿತ್ತು. ಬಾಗಿಲ ಚಿಲಕಕ್ಕೆ ಕೈ ಹಾಕಿದರೆ ಗಾಳಿ ಸಿಗುತ್ತಿತ್ತು. ಕಾರ್ಖಾನೆಗೆ ಮರಳಿ ಹೋದ ಮೂರನೆಯ ದಿನ ಉಳಿ ಬೀಳಬೇಕಾದಲ್ಲಿ ಬೀಳದೆ ಎಡಗೈ ಹೆಬ್ಬೆರಳಿಗೆ ಬಿತ್ತು. ಸೇಠ ಒಳ್ಳೆಯವನು, ಗೋದಾಮಿನಲ್ಲಿ ಕೂತಿರು ಎಂದ. ತನ್ನ ಕೈಕೆಳಗೆ ಕಲಿತವರು ಕೆಲಸ ಮಾಡುವುದನ್ನು ನೋಡುತ್ತ ಕೂಡುವುದು ಕರೀಮಸಾಬನಿಂದ ಆಗಲಿಲ್ಲ. ಉಳಿಗಳನ್ನೆಲ್ಲ ಎಣ್ಣೆ ಹಚ್ಚಿ ಗೋಣಿತಾಟಿನಲ್ಲಿ ಸುತ್ತಿ ಮನೆಗೆ ತಂದು, ಮಂಚದ ಕೆಳಗೆ ನೂಕಿದ.

ಮನೆ ವಡಾಲದ ಒಂದು ಚಾಳಿನಲ್ಲಿತ್ತು. ಒಂದು ಖೋಲಿ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಹೆಂಡತಿ ಗುಲಶನ ಸೀರೆಗಳಿಗೆ ಫಾಲು ಹೊಲಿದು ಸಂಸಾರ ತೂಗಿಸಿದಳು. ಗಂಡನ ಮುಂದೆ ಒಂದು ಸಲವೂ ಅಳಲಿಲ್ಲ. ಬದಲಿಗೆ ಅವನಿಗೆ ಚಹಾ ಸುರಿಯುವುದನ್ನು ಹೊಸದಾಗಿ ಕಲಿಸಿದಳು: ಕಿಟ್ಲಿಯ ಮೂತಿಯನ್ನು ಮೊದಲು ಕಪ್ಪಿನ ಅಂಚಿಗೆ ತಾಗಿಸಬೇಕು, ಸದ್ದು ಕೇಳಬೇಕು, ಆಮೇಲೆ ಬಗ್ಗಿಸಬೇಕು. ಅವನು ಕಲಿತ. ಏಳು ವರ್ಷದ ಮಗಳು ಸುಗರಾ ಅದನ್ನೊಂದು ಆಟ ಮಾಡಿಕೊಂಡು ತಾನೂ ಹಾಗೇ ಸುರಿಯತೊಡಗಿದಳು.

ಎರಡು ವರ್ಷ ಹೀಗೇ ಕಳೆಯಿತು. ಅದೇ ಚಾಳಿನ ಗುರಲಿಂಗಪ್ಪ, ಇಂಡಿ ತಾಲೂಕಿನವನು, ಮುಂಬಯಿಯ ದಕ್ಷಿಣದ ತುದಿಯಲ್ಲಿ ಸಮುದ್ರಕ್ಕೆ ಮುಖಮಾಡಿದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಾಚಮನ್ ಆಗಿದ್ದ. ಅಲ್ಲಿ ಕಂಪ್ಯೂಟರ್ ಎನ್ನುವ ದೊಡ್ಡ ಯಂತ್ರವಿದೆ, ಅದರ ಕೋಣೆಗೆ ಒಬ್ಬ ನಂಬಿಕಸ್ಥ ಆಳು ಬೇಕಾಗಿದ್ದಾನೆ ಎಂದು ೧೯೬೮ರಲ್ಲಿ ಸುದ್ದಿ ತಂದ. ಜೊತೆಗೆ ಒಂದು ಮಾತು ಹೇಳಿದ: ಕಣ್ಣಿನ ಸಂಗತಿ ಬಾಯಿ ಬಿಡಬೇಡ, ಕಣ್ಣಿಗೆ ಕರಿ ಚಾಳೀಸು ಹಾಕಿಕೊಂಡು ನೆಟ್ಟಗೆ ನಿಂತುಬಿಡು. ಕರೀಮಸಾಬ ಹಾಗೇ ಮಾಡಿದ. ಕೆಲಸ ಸಿಕ್ಕಿತು. ಅಂದಿನಿಂದ ಅವನಿಗೆ ಕುತ್ತಿಗೆ ಅಲ್ಲಾಡಿಸದೆ ನಡೆಯುವ ರೂಢಿ ಬಿತ್ತು. ತಲೆ ತಿರುಗಿಸಿದರೆ ಚಾಳೀಸಿನ ಪಕ್ಕದಿಂದ ಕುರುಡುಗಣ್ಣು ಯಾರಿಗಾದರೂ ಕಂಡೀತು ಎನ್ನುವ ಅಂಜಿಕೆ.

ಆ ಕೋಣೆ ಮುಂಬಯಿಯಂತೆ ಇರಲಿಲ್ಲ. ಒಳಗೆ ಮಾಘಮಾಸದ ಚಳಿ. ಚಪ್ಪಲಿ ಹೊರಗೆ ಬಿಡಬೇಕು. ಕಪಾಟಿನಂಥ ಪೆಟ್ಟಿಗೆಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಯಂತ್ರಕ್ಕೆ ಹೇಳಬೇಕಾದದ್ದನ್ನೆಲ್ಲ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಹೇಳುತ್ತಿದ್ದರು. ಒಂದು ಕಾರ್ಡಿಗೆ ಒಂದು ಸಾಲು. ವಿಜ್ಞಾನಿಗಳು ಬೆಳಿಗ್ಗೆ ತಮ್ಮ ತಮ್ಮ ಕಾರ್ಡಿನ ಟ್ರೇ ಕೊಟ್ಟುಹೋದರೆ, ಉತ್ತರ ಮಾರನೆಯ ದಿನ ಸಿಗುತ್ತಿತ್ತು. ಟ್ರೇಗಳನ್ನು ಒಯ್ಯುವುದು, ಕಾಗದ ತುಂಬುವುದು, ಧೂಳು ಒರೆಸುವುದು ಕರೀಮಸಾಬನ ಕೆಲಸ. ಹೆಜ್ಜೆ ಎಣಿಸಿಕೊಂಡು, ಮೇಜಿನ ಅಂಚನ್ನು ಮೊದಲು ಕಿರುಬೆರಳಿನಿಂದ ಮುಟ್ಟಿಕೊಂಡು, ಆಮೇಲೆ ಟ್ರೇ ಇಡುತ್ತಿದ್ದ. ಎರಡೂವರೆ ವರ್ಷ ಒಂದು ಕಾರ್ಡೂ ಬೀಳಿಸಲಿಲ್ಲ.

ಬಿದ್ದದ್ದು ೧೯೭೧ರ ಮಾರ್ಚಿನಲ್ಲಿ. ಹಿಂದಿನ ದಿನ ಯಾರೋ ಮೇಜನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದರು. ಆವೊತ್ತು ಎರಡು ಕೈಯಲ್ಲೂ ಟ್ರೇಗಳಿದ್ದವು, ಬೆರಳಿನಿಂದ ಮುಟ್ಟಿ ನೋಡಲಾಗಲಿಲ್ಲ. ಕಣ್ಣಿಗೆ ಮೇಜು ಇದ್ದಂತೆಯೇ ಇತ್ತು. ಅವನು ಬಲಗೈ ಟ್ರೇಯನ್ನು ಇಟ್ಟ, ಅದು ಬಯಲಿಗೆ ಇಟ್ಟಂತಾಗಿ ಆರುನೂರು ಕಾರ್ಡು ನೆಲದ ತುಂಬ ಹರಡಿದವು.

ಆ ಕಾರ್ಡುಗಳ ಒಡತಿ ಬಾಗಿಲಲ್ಲೇ ನಿಂತಿದ್ದಳು. ಕಸ್ತೂರಿಬಾಯಿ ಎಂದು ಹೆಸರು, ಇಪ್ಪತ್ತೇಳರ ವಯಸ್ಸು, ಗಣಿತದಲ್ಲಿ ಎಂ.ಎಸ್‌ಸಿ. ಮಾಡಿ ವರ್ಷದ ಹಿಂದೆ ಸೇರಿದ್ದಳು. ಅಲ್ಲಿಯವರೆಗೆ ಇಬ್ಬರ ನಡುವೆ ಇದ್ದ ಮಾತೆಲ್ಲ ಹಿಂದಿಯಲ್ಲಿ, ಅದೂ ನಾಲ್ಕೈದು. ಈಗ ಅವಳ ಬಾಯಿಂದ ಅರಿವಿಲ್ಲದೆ “ಅಯ್ಯ ನಮ್ಮವ್ವ” ಎಂದು ಬಂತು. ಕರೀಮಸಾಬ ತಲೆಯೆತ್ತಿದ. ಹೆದರಿಕೆಯ ನಡುವೆಯೂ ಆ ಮಾತು ಅವನಿಗೆ ಮನೆಯ ಬಾಗಿಲು ತೆರೆದಂತೆ ಕೇಳಿಸಿತು. ಬಹುಶಃ ಅದಕ್ಕೇ ಮುಚ್ಚಿಟ್ಟದ್ದು ಹೊರಬಿತ್ತು.

“ಬಾಯಾರ, ನನಗ ಬಲಗಣ್ಣು ಕಾಣೂದಿಲ್ರಿ,” ಎಂದ. “ಇಲ್ಲಿ ಯಾರಿಗೂ ಹೇಳಿಲ್ಲ. ತಪ್ಪು ನಂದು. ಸಾಹೇಬ್ರಿಗೆ ಹೇಳೂದಿದ್ರ ಹೇಳ್ರಿ.”

ಕಸ್ತೂರಿಬಾಯಿ ಅವನನ್ನೂ ನೋಡಿದಳು, ನೆಲವನ್ನೂ ನೋಡಿದಳು. ಆಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು ನೆಲದ ಮೇಲೇ ಕೂತಳು.

“ಮೊದಲು ಕಾರ್ಡ್ ಆರ್ಸೂಣ ಬರ್ರಿ,” ಎಂದಳು. “ಮ್ಯಾಲಿನ ಅಂಚಿಗೆ ನೀಲಿ ಗೀರು ಅದ ನೋಡ್ರಿ. ಗೀರು ಕೂಡಿದ್ರ ಸಾಲು ಕೂಡ್ತು.”

ಕಾರ್ಡುಗಳನ್ನು ಒಟ್ಟಾಗಿ ನಿಲ್ಲಿಸಿ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆ ಗೀರು ಎಳೆದಿಟ್ಟಿದ್ದಳು. ಆ ಗೀರು ಮತ್ತೆ ನೇರವಾಗುವ ಹಾಗೆ ಜೋಡಿಸಲು ಇಬ್ಬರಿಗೂ ಮಧ್ಯಾಹ್ನವಾಯಿತು. ಜೋಡಿಸುತ್ತಲೇ ಅವಳು ತನ್ನದು ಧಾರವಾಡ ಎಂದು ಹೇಳಿದಳು, ಮಾಟುಂಗಾದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರುವುದನ್ನು ಹೇಳಿದಳು, ಅಲ್ಲಿಯ ರೊಟ್ಟಿಗೆ ರುಚಿಯಿಲ್ಲ ಎಂದಳು. ಕಣ್ಣಿನ ಮಾತನ್ನು ಅವಳು ಸಾಹೇಬರಿಗೆ ಅಂದೂ ಹೇಳಲಿಲ್ಲ, ಮುಂದೂ ಹೇಳಲಿಲ್ಲ.

ಅಷ್ಟು ಕಾರ್ಡಿನಲ್ಲಿ ಏನಿದೆ ಎಂದು ಅವನು ಒಂದು ದಿನ ಧೈರ್ಯ ಮಾಡಿ ಕೇಳಿದ. ಕಸ್ತೂರಿಬಾಯಿಗೆ ಹೇಳುವ ಹುಮ್ಮಸ್ಸು ಇತ್ತು, ಕೇಳುವವರು ಇರಲಿಲ್ಲ. ಅವಳು ಅವನನ್ನು ಕಿಟಕಿಯ ಹತ್ತಿರ ಕರೆದೊಯ್ದಳು. ಹೊರಗೆ ಅಂಗಳದಲ್ಲಿ ನೀರಿನ ಟಾಕಿ ಇತ್ತು. ಟಾಕಿಯ ಒಂದು ಮೂಲೆಯಿಂದ ನಿಮ್ಮ ಕಣ್ಣಿನ ತನಕ ಒಂದು ದಾರ ಎಳೆದಿದ್ದೇವೆ ಅಂತ ತಿಳಿಯಿರಿ, ಎಂದಳು. ಆ ದಾರ ಈ ಗಾಜನ್ನು ಎಲ್ಲಿ ತೂರಿ ಬರುತ್ತದೋ ಅಲ್ಲಿ ಒಂದು ಚುಕ್ಕಿ ಇಡಿ. ಹಾಗೇ ಎಲ್ಲಾ ಮೂಲೆಗೂ. ಚುಕ್ಕಿಗಳನ್ನು ಗೆರೆಯಿಂದ ಕೂಡಿಸಿದರೆ ಗಾಜಿನ ಮೇಲೆ ಟಾಕಿಯ ಚಿತ್ರ. ಯಂತ್ರಕ್ಕೆ ಕಿಟಕಿಯೂ ಇಲ್ಲ, ದಾರವೂ ಇಲ್ಲ. ಅದಕ್ಕೆ ಒಂದೊಂದು ಮೂಲೆಗೂ ಮೂರು ಅಂಕಿ ಕೊಡುತ್ತೇನೆ: ಎಷ್ಟು ಪಕ್ಕಕ್ಕೆ, ಎಷ್ಟು ಮೇಲೆ, ಎಷ್ಟು ದೂರ. ಮೊದಲೆರಡನ್ನು ದೂರದಿಂದ ಭಾಗಿಸಿದರೆ ಚುಕ್ಕಿ ಎಲ್ಲಿ ಬೀಳಬೇಕೆಂದು ಸಿಗುತ್ತದೆ. ದೂರ ಹೆಚ್ಚಿದಷ್ಟೂ ಚಿತ್ರ ಸಣ್ಣದು. ಆಮೇಲೆ ಕೋಣೆಯ ಆ ಕೊನೆಯಲ್ಲಿರುವ ಪ್ಲಾಟರು, ಅಂದರೆ ಪೆನ್ನು ಕಟ್ಟಿದ ಯಂತ್ರ, ಕಾಗದದ ಮೇಲೆ ಗೆರೆ ಎಳೆಯುತ್ತದೆ.

ಕರೀಮಸಾಬ ಗಾಜನ್ನು ನೋಡಿದ, ಟಾಕಿಯನ್ನು ನೋಡಿದ. “ದಾರಾ ಎರಡೂ ಕಣ್ಣಿಗೆ ಎಳೀಬೇಕೇನ್ರಿ?” ಎಂದು ಕೇಳಿದ.

“ಇಲ್ಲ, ಒಂದ ಕಣ್ಣಿಗೆ,” ಎಂದಳು ಅವಳು. “ಯಂತ್ರಕ್ಕ ಇರೂದು ಒಂದ ಕಣ್ಣು.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಯಾರಿಗೆ ಹೇಳಿದೆ ಎಂದು ಹೊಳೆದು ಮುಖ ಕೆಂಪಾಯಿತು. ಕರೀಮಸಾಬನಿಗೆ ನೋವಾಗಿರಲಿಲ್ಲ. ಐದು ವರ್ಷದಿಂದ ತಾನು ಗಾಜಿನ ಮೇಲಿನ ಚಿತ್ರವನ್ನೇ ನೋಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತ್ತು. ಅದನ್ನು ಹೇಳಲು ಬೇರೆ ಯಾರಿಗೂ ಮಾತು ಸಿಕ್ಕಿರಲಿಲ್ಲ, ಅವನಿಗೂ ಸಿಕ್ಕಿರಲಿಲ್ಲ. ಈ ಹುಡುಗಿ ಅದನ್ನು ಒಂದು ದಾರದಲ್ಲಿ ಹೇಳಿಬಿಟ್ಟಿದ್ದಳು. ಆವೊತ್ತು ಮನೆಗೆ ಹೋಗಿ ಗುಲಶನಳನ್ನು ಗ್ಯಾಲರಿಯ ಕಂಬದ ಹತ್ತಿರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿಸಿ, ನನಗೆ ಹೀಗೆ ಕಾಣುತ್ತದೆ ಎಂದು ತೋರಿಸಿದ. ಅವಳು ಬಹಳ ಹೊತ್ತು ಹಾಗೇ ಒಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದಳು. ಬೇಳೆ ಆರಿಸಿದಳು, ಸೂಜಿಗೆ ದಾರ ಪೋಣಿಸಲು ಹೋಗಿ ಸೋತಳು. ಊಟಕ್ಕೆ ಬಡಿಸುವಾಗ ಅವನ ಕೈಯನ್ನು ಹಿಡಿದು ತಟ್ಟೆಯ ಅಂಚಿಗೆ ಮುಟ್ಟಿಸಿದಳು.

ಏಪ್ರಿಲಿನಲ್ಲಿ ಕಸ್ತೂರಿಬಾಯಿಯ ಕೆಲಸ ಕೆಟ್ಟಿತು. ಅವಳು ಚಿತ್ರ ಬರೆಸಲು ಆರಿಸಿಕೊಂಡದ್ದು ಕಬ್ಬಿಣದ ಒಂದು ಬ್ರಾಕೆಟ್ಟು: ಬೆನ್ನಿರುವ ಕುರ್ಚಿಯ ಆಕಾರ, ಬೆನ್ನಿನ ಮೇಲಿನ ಒಂದು ಅಂಚು ಓರೆಯಾಗಿ ಚೆಕ್ಕಿದ್ದು. ಹದಿನಾಲ್ಕು ಮೂಲೆ, ಒಂಬತ್ತು ಮುಖ. ಎಲ್ಲಾ ಗೆರೆಯನ್ನೂ ಎಳೆದರೆ ಅದು ತಂತಿಯ ಪಂಜರದ ಹಾಗೆ ಕಾಣುತ್ತಿತ್ತು, ಮುಂದಿನದು ಯಾವುದು ಹಿಂದಿನದು ಯಾವುದು ತಿಳಿಯುತ್ತಿರಲಿಲ್ಲ. ನಿಜವಾದ ಸಾಮಾನಿನಲ್ಲಿ ಮುಂದಿನ ಮುಖ ಹಿಂದಿನದನ್ನು ಮುಚ್ಚುತ್ತದಲ್ಲ, ಚಿತ್ರದಲ್ಲೂ ಮುಚ್ಚಬೇಕು. ಅದಕ್ಕೆ ಅವಳು ಯಂತ್ರಕ್ಕೆ ಎರಡು ಪಾಠ ಕಲಿಸಿದ್ದಳು. ಮೊದಲು, ನಮಗೆ ಬೆನ್ನು ತಿರುಗಿಸಿರುವ ಮುಖಗಳನ್ನು ಕೈಬಿಡು. ಎರಡನೆಯದು, ಉಳಿದವುಗಳಲ್ಲಿ ಯಾವುದು ಹತ್ತಿರವೋ ಅದು ದೂರದ್ದನ್ನು ಮುಚ್ಚಲಿ. ಆದರೂ ಚಿತ್ರ ಸರಿಬರಲಿಲ್ಲ. ಕೆಲವು ದಿಕ್ಕಿನಿಂದ ನೋಡಿದರೆ ಬ್ರಾಕೆಟ್ಟು ಅಚ್ಚುಕಟ್ಟು. ಇನ್ನು ಕೆಲವು ದಿಕ್ಕಿನಿಂದ ಮುಂದಿನ ಒಂದು ಬದಿ ಹಾರಿಹೋಗಿ, ಹಲಗೆ ಕಿತ್ತ ಪೆಟ್ಟಿಗೆಯ ಹಾಗೆ ಒಳಗಿನದೆಲ್ಲ ಕಾಣುತ್ತಿತ್ತು.

ಜೂನಿನ ಮೊದಲ ವಾರ ಹೊರಗಿನ ಇಂಜಿನಿಯರುಗಳು ನೋಡಲು ಬರುವವರಿದ್ದರು. ಅಷ್ಟರೊಳಗೆ ಆಗದಿದ್ದರೆ ಪ್ಲಾಟರಿನ ಹೊತ್ತನ್ನು ಬೇರೆಯವರಿಗೆ ಕೊಡುವುದಾಗಿ ವಿಭಾಗದ ಮುಖ್ಯಸ್ಥರು ತಿಳಿಸಿದ್ದರು. ಕಸ್ತೂರಿಬಾಯಿ ಕಾರ್ಡುಗಳನ್ನು ಮೊದಲಿಂದ ಕಡೆಯವರೆಗೆ ಮೂರು ಸಲ ತಿರುವಿ ನೋಡಿದಳು. ಅವಳು ಕಾರ್ಡಿನ ಸಾಲು ನೋಡುತ್ತಿರುವುದು ಕರೀಮಸಾಬನ ಕಣ್ಣಿಗೆ ಬಿತ್ತು. ನೆಲಕ್ಕೆ ಬಿದ್ದಾಗ ಯಾವುದೋ ಕಾರ್ಡು ಹಿಂದುಮುಂದಾಗಿದೆ, ಅದರಿಂದಲೇ ಇದೆಲ್ಲ ಎಂದುಕೊಂಡ. ಅವಳು ಒಂದು ಮಾತೂ ಆಡದಿದ್ದದ್ದು ಅವನಿಗೆ ಬೈಗುಳಕ್ಕಿಂತ ಭಾರವಾಯಿತು.

ಆ ವಾರವೆಲ್ಲ ಅವನು ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದ. ಗುಲಶನ ಕೇಳಿಯೇ ಕೇಳಿದಳು. ಅವನು ಎಲ್ಲವನ್ನೂ ಹೇಳಿದ. ಆ ಹುಡುಗಿ ಕಾಗದದ ಮೇಲಿನ ಲೆಕ್ಕದಿಂದಲೇ ಅಂಕಿ ಹಾಕುತ್ತಿದ್ದಾಳೆ, ಸಾಮಾನನ್ನು ಕೈಯಲ್ಲಿ ಹಿಡಿದಿಲ್ಲ ಎಂದೂ ಹೇಳಿದ. ಹಿಡಿಯದೆ ಅದು ಹೇಗೆ ತಿಳಿದೀತು ಎಂದ. ಗುಲಶನ ಎದ್ದು ಮಂಚದ ಕೆಳಗೆ ಬಗ್ಗಿ ಗೋಣಿತಾಟಿನ ಗಂಟನ್ನು ಎಳೆದಳು.

“ನನ್ನಿಂದ ಆಗೂದಿಲ್ಲ,” ಎಂದ ಅವನು.

“ನಿಮಗ ದೂರ ತಿಳಿಯೂದಿಲ್ಲ, ಅಷ್ಟ ಅಲ್ಲ?” ಎಂದಳು ಗುಲಶನ. “ನಾ ಬಾಜೂಕ ಕುಂದರ್ತೀನಿ. ಎಷ್ಟು ಐತಿ ಅಂತ ನಾ ಹೇಳ್ತೀನಿ. ನೀವು ಕೈ ನಡಸ್ರಿ.”

ಆದಿತ್ಯವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಗೋಣಿ ಹಾಸಿ ಇಬ್ಬರೂ ಕೂತರು. ಸಾಗವಾನಿಯ ಒಂದು ತುಂಡು ಗುರಲಿಂಗಪ್ಪ ಎಲ್ಲಿಂದಲೋ ತಂದುಕೊಟ್ಟಿದ್ದ. ಮೊದಲ ಏಟು ಹೊಡೆಯಲು ಕರೀಮಸಾಬನಿಗೆ ಅರ್ಧ ಗಂಟೆ ಬೇಕಾಯಿತು. ಗುಲಶನ ಅವಸರ ಮಾಡಲಿಲ್ಲ. ಉಳಿಯ ತುದಿ ಗೆರೆಯಿಂದ ಎಷ್ಟು ದೂರ ಎಂದು ಅವಳು ಹೇಳುತ್ತ ಹೋದಳು: ಒಂದು ಬೆರಳು, ಅರ್ಧ ಬೆರಳು, ಒಂದು ಜೋಳದ ಕಾಳಿನಷ್ಟು, ಈಗ ಮುಟ್ಟಿತು. ಮುಟ್ಟಿದ ಮೇಲೆ ಅವನಿಗೆ ಕಣ್ಣು ಬೇಕಿರಲಿಲ್ಲ. ಕೈ ಮರೆತಿರಲಿಲ್ಲ. ಚಾಳಿನವರು ಬಂದು ನೋಡಿ ಹೋದರು, ಮಕ್ಕಳು ಚಕ್ಕೆ ಆರಿಸಿಕೊಂಡು ಹೋದರು. ಎರಡು ಆದಿತ್ಯವಾರದಲ್ಲಿ ಅಂಗೈಯಗಲದ ಬ್ರಾಕೆಟ್ಟು ಸಿದ್ಧವಾಯಿತು. ಅದಕ್ಕೆ ಮರಳುಕಾಗದ ಉಜ್ಜುವಾಗ ಅವನು ಕರಿ ಚಾಳೀಸು ತೆಗೆದಿಟ್ಟು ಕಣ್ಣೊರೆಸಿಕೊಂಡ. ಧೂಳು ಬಿತ್ತು ಎಂದ. ಗುಲಶನ ಇದ್ದೀತು ಎಂದಳು.

ಸೋಮವಾರ ಆ ಕಟ್ಟಿಗೆಯನ್ನು ರುಮಾಲಿನಲ್ಲಿ ಸುತ್ತಿ ಕಸ್ತೂರಿಬಾಯಿಯ ಮೇಜಿನ ಮೇಲೆ ಇಟ್ಟ. ಅವಳು ಬಿಚ್ಚಿ ನೋಡಿ ಕೆಲಹೊತ್ತು ಕೈಯಲ್ಲಿ ಹಿಡಿದೇ ಇದ್ದಳು. ತಿರುಗಿಸಿದಳು, ಮತ್ತೆ ತಿರುಗಿಸಿದಳು. ಆರು ತಿಂಗಳಿಂದ ಲೆಕ್ಕ ಹಾಕುತ್ತಿದ್ದ ಸಾಮಾನು ಹೀಗಿದೆಯೆಂದು ಅವಳಿಗೆ ಅಂದೇ ಗೊತ್ತಾದಂತಿತ್ತು. ಇಬ್ಬರೂ ಕೂತು ಪೆನ್ಸಿಲಿನಿಂದ ಒಂದೊಂದು ಮೂಲೆಗೂ ನಂಬರು ಬರೆದರು. ಹತ್ತಿರದ ಬದಿಯಲ್ಲಿ ಒಂದರಿಂದ ಏಳು, ಆಚೆಯ ಬದಿಯಲ್ಲಿ ಎಂಟರಿಂದ ಹದಿನಾಲ್ಕು.

ಯಂತ್ರಕ್ಕೆ ಒಂದು ಮುಖ ಎಂದರೆ ಅದರ ಮೂಲೆಗಳ ಪಟ್ಟಿ, ಎಂದು ಅವಳು ವಿವರಿಸಿದಳು. ಮುಖವನ್ನು ಹೊರಗಿನಿಂದ ನೋಡಿದಾಗ ಮೂಲೆಗಳು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ಚಿತ್ರದಲ್ಲೂ ಎದುರಾಗಿಯೇ ಸುತ್ತಿದರೆ ಆ ಮುಖ ನಮ್ಮ ಕಡೆ ನೋಡುತ್ತಿದೆ. ಮುಳ್ಳಿನ ಜೊತೆಗೇ ಸುತ್ತಿದರೆ ಬೆನ್ನು ತಿರುಗಿಸಿದೆ. ಯಂತ್ರಕ್ಕೆ ಗೊತ್ತಿರುವುದು ಇಷ್ಟೇ.

“ಹಂಗಾದ್ರ ನೀವು ಓದ್ರಿ, ನಾ ಸುತ್ತತೀನಿ,” ಎಂದ ಕರೀಮಸಾಬ.

ಅವಳು ಒಂದೊಂದೇ ಕಾರ್ಡು ತೆಗೆದು ಅಂಕಿ ಓದಿದಳು. ಅವನು ಆ ಮುಖವನ್ನು ತನ್ನತ್ತ ತಿರುಗಿಸಿಕೊಂಡು, ಕಣ್ಣು ಮುಚ್ಚಿ, ಗಾಯದ ಗುರುತಿದ್ದ ಹೆಬ್ಬೆರಳನ್ನು ಮೂಲೆಯಿಂದ ಮೂಲೆಗೆ ಒಯ್ದ. ಒಂದನೆಯ ಮುಖ, ಎದುರು. ಎರಡು, ಎದುರು. ಮೂರು, ನಾಲ್ಕು, ಎದುರು. ಐದನೆಯ ಕಾರ್ಡಿಗೆ ಅವಳು “ಮೂರು, ಹತ್ತು, ಹನ್ನೊಂದು, ನಾಲ್ಕು” ಎಂದಳು. ಹೆಬ್ಬೆರಳು ಹತ್ತಕ್ಕೆ ಹೋಗಿ ನಿಂತಿತು. ಅವನು ಇನ್ನೊಮ್ಮೆ ಓದಿಸಿ ಇನ್ನೊಮ್ಮೆ ಸುತ್ತಿದ.

“ಬಾಯಾರ, ಇದೊಂದು ಮುಳ್ಳಿನ ಕೂಡ ಹೊಂಟೈತ್ರಿ.”

ಅವಳು ಕಟ್ಟಿಗೆಯನ್ನು ಕಸಿದುಕೊಂಡು ತಾನೂ ಸುತ್ತಿದಳು. ಕಾರ್ಡಿನಲ್ಲಿ ತಪ್ಪು ಮೂಲೆ ಒಂದೂ ಇರಲಿಲ್ಲ, ಅದಕ್ಕೇ ಮೂರು ಸಲ ನೋಡಿದರೂ ಸಿಕ್ಕಿರಲಿಲ್ಲ. ಸುತ್ತು ಮಾತ್ರ ಉಲ್ಟಾ. ಆ ಮುಖ ನಮ್ಮ ಕಡೆ ನೋಡಿದಾಗಲೆಲ್ಲ ಯಂತ್ರ ಅದು ಬೆನ್ನು ಎಂದುಕೊಂಡು ಕಿತ್ತುಹಾಕುತ್ತಿತ್ತು.

“ಅಂದ್ರ ಅವತ್ತು ನಾ ಕೆಡವಿದ್ದಕ್ಕ…” ಎಂದು ಅವನು ಶುರುಮಾಡಿ ನಿಲ್ಲಿಸಿದ.

ಕಸ್ತೂರಿಬಾಯಿ ಅವನ ಮುಖ ನೋಡಿದಳು. ಇಷ್ಟು ದಿನ ಅವನು ಏನು ಹೊತ್ತು ತಿರುಗುತ್ತಿದ್ದನೆಂದು ಅವಳಿಗೆ ಆಗ ಗೊತ್ತಾಯಿತು. “ಇಲ್ರಿ ಕರೀಮಸಾಬ್ರ,” ಎಂದಳು ಮೆಲ್ಲಗೆ. “ಈ ಕಾರ್ಡ್ ತೂತು ಹೊಡದಾಕಿ ನಾನು. ನೀವು ಕೆಡವೋದಕ್ಕಿಂತ ಮೊದಲಿಂದನೂ ಇದು ಹಿಂಗ ಅದ. ನಿಮ್ಮಿಂದ ಅಲ್ಲಂತ ನನಗ ಮೊದಲ ಹೇಳಲಿಕ್ಕೆ ತಿಳೀಲಿಲ್ಲ. ತಪ್ಪಾತು.”

ಒಂದು ಕಾರ್ಡು ಬದಲಾಯಿತು. ಮಾರನೆಯ ದಿನ ಪ್ಲಾಟರಿನ ಪೆನ್ನು ಕಾಗದದ ಮೇಲೆ ಓಡಾಡಿ ಬ್ರಾಕೆಟ್ಟನ್ನು ಬರೆಯಿತು, ಹಲಗೆ ಎಲ್ಲೂ ಹಾರಲಿಲ್ಲ. ಕಸ್ತೂರಿಬಾಯಿ ಅಷ್ಟಕ್ಕೆ ಬಿಡದೆ, ಬ್ರಾಕೆಟ್ಟನ್ನು ಹತ್ತು ಹತ್ತು ಡಿಗ್ರಿ ತಿರುಗಿಸುತ್ತ ಮೂವತ್ತಾರು ಚಿತ್ರ ಬರೆಸಿದಳು. ಪೆನ್ನಿನ ಮಸಿ ಒಣಗದಂತೆ ಕಾಯುತ್ತ ಕರೀಮಸಾಬ ಪಕ್ಕದಲ್ಲೇ ನಿಂತಿದ್ದ. ಹಾಳೆಗಳನ್ನು ಸಮನಾಗಿ ಕತ್ತರಿಸಿ, ಒಂದು ಬದಿಗೆ ಕ್ಲಿಪ್ಪು ಹಾಕಿ ಅವನ ಕೈಗೆ ಕೊಟ್ಟಳು. ಹೆಬ್ಬೆರಳಿನಿಂದ ಸರ್ರನೆ ಬಿಡಿ ಎಂದಳು.

ಅವನು ಬಿಟ್ಟ. ಹಾಳೆಯ ಮೇಲೆ ಬ್ರಾಕೆಟ್ಟು ತಿರುಗಿತು.

ಅಲ್ಲಿಯವರೆಗೆ ಅದು ಗೆರೆಗಳ ಚಿತ್ರ. ತಿರುಗತೊಡಗಿದ ಕೂಡಲೇ ಎದ್ದು ನಿಂತಿತು. ಬೆನ್ನು ಹಿಂದಕ್ಕೆ ಹೋಯಿತು, ಕೂರುವ ಹಲಗೆ ಮುಂದಕ್ಕೆ ಬಂತು, ನಡುವೆ ಬಯಲು ತೆರೆಯಿತು. ಐದು ವರ್ಷದಲ್ಲಿ ಇಂಥದನ್ನು ಅವನು ಕಂಡಿರಲಿಲ್ಲ. ಮತ್ತೆ ಬಿಟ್ಟ, ಮತ್ತೆ ಬಿಟ್ಟ.

“ಬಾಯಾರ, ಇದು ನನಗ ದಪ್ಪ ಕಾಣಾಕತ್ತೈತ್ರಿ,” ಎಂದ. “ಬರೇ ಕಾಗದ ಇದು. ಹ್ಯಾಂಗ?”

ಅವಳು ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು. ರೈಲಿನ ಕಿಟಕಿಯಲ್ಲಿ ಏನು ಕಾಣುತ್ತದೆ ಎಂದು ಕೇಳಿದಳು. ಹತ್ತಿರದ ಕಂಬಗಳು ಓಡುತ್ತವೆ, ದೂರದ ಉಪ್ಪಿನ ಗದ್ದೆ ನಿಧಾನ, ಅದರಾಚೆಯ ಗುಡ್ಡ ನಿಂತೇ ಇರುತ್ತದೆ, ಎಂದ ಅವನು. ಹಾಗಾದರೆ ದೂರ ತಿಳಿಯಲು ಎರಡು ಕಣ್ಣೇ ಬೇಕೆಂದಿಲ್ಲ ಎಂದಳು ಅವಳು. ಒಂದು ಕಣ್ಣು ಅತ್ತಿತ್ತ ಸರಿದಾಡಿದರೂ ಸಾಕು, ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ನೀವು ಕುತ್ತಿಗೆಯನ್ನು ಕಟ್ಟಿಹಾಕಿಕೊಂಡಿದ್ದೀರಿ. ಬಿಡಿ ಅದನ್ನ.

ಆ ಸಂಜೆ ಗ್ಯಾಲರಿಯಲ್ಲಿ ನಿಂತು ಕರೀಮಸಾಬ ತಲೆಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತೂಗಿದ. ಹಗ್ಗದ ಮೇಲಿನ ಬಟ್ಟೆ ಗೋಡೆಯಿಂದ ಬೇರೆಯಾಯಿತು. ಅದರ ಹಿಂದೆ ಎದುರು ಬಿಲ್ಡಿಂಗು, ಅದರ ಹಿಂದೆ ನೀರಿನ ಟಾಕಿ ಒಂದೊಂದೂ ತನ್ನ ತನ್ನ ಜಾಗಕ್ಕೆ ಹೋಗಿ ಕೂತವು. ಗುಲಶನ ಒಳಗಿಂದ ನೋಡಿ, ಕೋಳಿ ನಡೆದಂತೆ ಕಾಣುತ್ತೀರಿ ಎಂದು ನಕ್ಕಳು. ಅವನು ಅವಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ. ತಲೆ ತೂಗುತ್ತಲೇ ಅವಳ ಮುಖ ನೋಡಿದ. ಮೂಗು ಮುಂದೆ ಬಂತು, ಕೆನ್ನೆ ಹಿಂದೆ ಸರಿಯಿತು, ಮೂಗುಬೊಟ್ಟು ಎಲ್ಲಕ್ಕಿಂತ ಮುಂದೆ. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಹೆಂಗಸನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳು ನಾಚಿ, ಮಂದಿ ನೋಡುತ್ತಾರೆ ಎಂದು ಒಳಗೆ ಹೋದಳು.

ಜೂನಿನಲ್ಲಿ ಇಂಜಿನಿಯರುಗಳು ಬಂದು ನೋಡಿ ಮೆಚ್ಚಿ ಹೋದರು. ಅವರು ಚಿತ್ರಕ್ಕಿಂತ ಹೆಚ್ಚು ಹೊತ್ತು ಕಟ್ಟಿಗೆಯನ್ನು ಹಿಡಿದು ನೋಡಿದರು. ಯಾರು ಮಾಡಿದ್ದು ಎಂದು ಕೇಳಿದಾಗ ಕಸ್ತೂರಿಬಾಯಿ ಬಾಗಿಲ ಹತ್ತಿರ ನಿಂತಿದ್ದ ಕರೀಮಸಾಬನನ್ನು ಮುಂದೆ ಕರೆದು ಹೆಸರು ಹೇಳಿದಳು. ಅವನು ಮುಖ್ಯಸ್ಥರ ಎದುರು ಚಾಳೀಸು ತೆಗೆದು ತಾನೇ ತನ್ನ ಕಣ್ಣಿನ ಸಂಗತಿ ಹೇಳಿದ. ಮೂರು ವರ್ಷ ಮುಚ್ಚಿಟ್ಟದ್ದಕ್ಕೆ ಅವರು ಮೊದಲು ಸಿಟ್ಟಾದರು. ಮರುವಾರ ಅವನನ್ನು ಕಂಪ್ಯೂಟರ್ ಕೋಣೆಯಿಂದ ತೆಗೆದು ಸಂಸ್ಥೆಯ ವರ್ಕ್‌ಶಾಪಿಗೆ ಹಾಕಿದರು, ಮಾದರಿ ಮಾಡುವವನಾಗಿ. ಅಲ್ಲಿ ಅವನಿಗೊಂದು ಬೆಂಚು ಸಿಕ್ಕಿತು. ತಲೆ ತೂಗುತ್ತ ಉಳಿ ಹಿಡಿದು, ಕುದುರೆಯ ಜೀನಿನಂಥ ಬಾಗುಗಳನ್ನೂ, ಇಪ್ಪತ್ತು ಮುಖದ ಗುಂಡುಗಳನ್ನೂ ಗಣಿತದವರಿಗೆ ಮಾಡಿಕೊಟ್ಟ. ಕೈ ನಿಧಾನವಾಗಿತ್ತು, ಮೊದಲಿನ ಓಟ ಬರಲಿಲ್ಲ. ಅದನ್ನು ಅವನು ಒಪ್ಪಿಕೊಂಡ.

ಸುಗರಾ ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಓದಿದಳು. ಚಿತ್ರಕಲೆಯ ಸರಕಾರಿ ಪರೀಕ್ಷೆಗೆ ಕೂತ ವರ್ಷ ಒಂದು ದಿನ ಮನೆಗೆ ಬಂದು, ಮೇಜಿನ ಮೇಲಿನ ಗಡಿಗೆ, ಡಬ್ಬಿ ನೋಡಿ ಬರೆಯುವಾಗ ಮಾಸ್ತರು ಎಲ್ಲರಿಗೂ ಪೆನ್ಸಿಲು ಮುಂದೆ ಚಾಚಿ ಒಂದು ಕಣ್ಣು ಮುಚ್ಚಿಕೊಳ್ಳಲು ಹೇಳಿದರು ಎಂದಳು. ಎರಡೂ ಕಣ್ಣು ತೆರೆದರೆ ಚಿತ್ರ ತಪ್ಪುತ್ತದಂತೆ. ಕರೀಮಸಾಬ ನಕ್ಕ ಸದ್ದು ಪಕ್ಕದ ಖೋಲಿಗೂ ಕೇಳಿತು. ಏನಾಯಿತೆಂದು ಗುಲಶನ ಒಳಗಿಂದ ಕೇಳಿದ್ದಕ್ಕೆ, “ಏನಿಲ್ಲ, ಮಂದಿ ನನ್ನ ಸಾಲಿಗೆ ಕಲಿಯಾಕ ಬರಾಕತ್ಯಾರ” ಎಂದ.

೧೯೭೮ರಲ್ಲಿ ಸುಗರಾಗೆ ಬೊರಿವಲಿಯ ಒಂದು ಕಾರ್ಖಾನೆಯ ನಕಾಶೆ ಆಫೀಸಿನಲ್ಲಿ, ನಕಾಶೆಗಳ ನಕಲು ಇಳಿಸುವ ಟ್ರೇಸರ್ ಕೆಲಸ ಸಿಕ್ಕಿತು. ಆ ಸುದ್ದಿ ಕೇಳಿ ಕಸ್ತೂರಿಬಾಯಿ ಒಂದು ಒಳ್ಳೆಯ ಪೆನ್ನಿನ ಪೆಟ್ಟಿಗೆ ಹಿಡಿದುಕೊಂಡು ಚಾಳಿಗೆ ಬಂದಳು, ಗುಲಶನ ಬಡಿದ ಜೋಳದ ರೊಟ್ಟಿ ಮೂರು ತಿಂದು ಹೋದಳು. ಸುಗರಾ ವಡಾಲದಿಂದ ಬಾಂದ್ರಾಕ್ಕೆ ಹೋಗಿ, ಅಲ್ಲಿ ಲೋಕಲ್ ಬದಲಿಸಿ ಬೊರಿವಲಿಗೆ ಹೋಗಬೇಕಿತ್ತು. ಅಪ್ಪನದು ವಿರುದ್ಧ ದಿಕ್ಕಿನ ಗಾಡಿ. ಸ್ಟೇಶನ್ನಿನವರೆಗೆ ಇಬ್ಬರದೂ ಒಂದೇ ದಾರಿ. ಸೇತುವೆಯ ಮೆಟ್ಟಿಲು ಇಳಿಯುವಾಗ, ಗದ್ದಲದಲ್ಲಿ ತಲೆ ತೂಗಲು ಆಗದೆ, ಕಡೆಯ ಮೆಟ್ಟಿಲನ್ನು ಅವನು ಕಾಲಿನಿಂದ ತಡವಿಯೇ ಇಳಿಯುತ್ತಿದ್ದ. ಸುಗರಾ ಅವನ ಕೈ ಹಿಡಿಯುತ್ತಿರಲಿಲ್ಲ, ಹಿಡಿದರೆ ಅವನಿಗೆ ಸೇರುತ್ತಿರಲಿಲ್ಲ. ಒಂದು ಮೆಟ್ಟಿಲು ಮುಂದಿದ್ದುಕೊಂಡು, ಕೆಳಗೆ ಮುಟ್ಟಿದಾಗ ಚಪ್ಪಲಿಯನ್ನು ಸ್ವಲ್ಪ ಜೋರಾಗಿ ಊರುತ್ತಿದ್ದಳು. ಅವನು ಆ ಸದ್ದು ಕೇಳಿ ಇಳಿಯುತ್ತಿದ್ದ.